ಹೆಂಡತಿಯ ಎದೆಉರಿ, ಮಾಷ್ಟ್ರ ಅಪ್ಪಣೆ

“ಇನ್ನು ಏಳು ತಿಂಗಳು ನನ್ನ ಅಪ್ಪಣೆ ಇಲ್ಲದೆ ಈ ಮನೆಯಲ್ಲಿ ಒಂದು ಮಾತ್ರೆಯೂ ಯಾರ ಗಂಟಲಿಂದಲೂ ಕೆಳಗೆ ಇಳಿಯಲಿಕ್ಕಿಲ್ಲ!”

ಪುತ್ತಿಗೆಯ ಲೆಕ್ಕದ ಮಾಷ್ಟ್ರು ಮಹಾಗಣಪತಿ ಹೀಗೆ ಘೋಷಿಸಿದ್ದು ಹೊಸ ಸ್ಮಾರ್ಟ್‌ಫೋನನ್ನು ಎತ್ತಿಹಿಡಿದು. ಕೇಳಿಸಿಕೊಂಡವಳು ಎರಡು ತಿಂಗಳ ಬಸುರಿ ಹೆಂಡತಿ ಶ್ರೀರಂಜಿನಿ. ಪಾಪ, ನೀರು ಕುಡಿದರೂ ಅವಳಿಗೆ ಎದೆಉರಿ, ಹುಳಿತೇಗು. ಬಸುರಿಯೆಂದು ತಿಳಿದೇ ಕಾಸರಗೋಡಿನ ಡಾಕ್ಟರಮ್ಮ ಆಸಿಡ್ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟಿದ್ದರು. ಆದರೆ ಡಾಕ್ಟರಮ್ಮ ಓದಿದ್ದು ಬರೀ ಹತ್ತು ವರ್ಷ. ಮಾಷ್ಟ್ರು ಹಿಂದಿನ ಸಂಜೆ ಪೂರ್ತಿ ಎರಡು ಗಂಟೆ ಇಂಟರ್ನೆಟ್ ಓದಿದ್ದರು!

“ಧೈರ್ಯವಾಗಿ ತಗೊಳ್ಳಿ ಅಂತ ಡಾಕ್ಟ್ರು ಹೇಳಿದ್ದಾರಲ್ಲ?” ಎಂದಳು ಶ್ರೀರಂಜಿನಿ.

“ಅವರಿಗೆ ಎಂತ? ಮಗು ನನ್ನದು!”

“ಹಾಗಾದ್ರೆ ಉರಿಯನ್ನೂ ನೀವೇ ಇಟ್ಕೊಳ್ಳಿ!”

ಮಾಷ್ಟ್ರು ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ನಾಲ್ಕು ದಿನ ಅವಳು ಉಂಡದ್ದೆಲ್ಲ ವಾಪಸು. ಐದನೆಯ ದಿನ ಮಾಷ್ಟ್ರಿಗೂ ಒಳಗೊಳಗೇ ಅಳುಕು ಶುರುವಾಯಿತು. ಡಾಕ್ಟರಮ್ಮನನ್ನೇ ಕೇಳೋಣವೆಂದರೆ ಮರ್ಯಾದೆಯ ಪ್ರಶ್ನೆ. ಊರಲ್ಲಿ ಕೇಳೋಣವೆಂದರೆ, ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡಬಾರದೆಂದು ಮಾಷ್ಟ್ರ ಅತ್ತೆ ಅವರನ್ನು ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡಿದ್ದರು. ಕೊನೆಗೆ ಯಾರಿಗೂ ಗುರುತಾಗದಿರಲೆಂದು ದೂರದ ನಾಯ್ಮಾರ್ಮೂಲೆಯ ಮೆಡಿಕಲ್ ಅಂಗಡಿಗೆ ಹೋದರು. ಅಲ್ಲಿ ಕೂತಿದ್ದವನು ಅವರದೇ ಹಳೆಯ ಶಿಷ್ಯ ಪ್ರವೀತ್!

“ಎದೆಉರಿಯ ಮಾತ್ರೆ ತಿಂದ್ರೆ ತೊಂದರೆ ಉಂಟಾ?”

“ಯಾರಿಗೆ ಮಾಷ್ಟ್ರೇ?”

“ನನಗೇ.”

“ನಿಮಗೆ ಎಂತ ತೊಂದರೆ? ತಿನ್ನಿ.”

“ಹಾಗಲ್ಲ ಮಾರಾಯ, ಎರಡು ತಿಂಗಳಲ್ಲಿ ತಿಂದ್ರೆ ಮಗುವಿಗೆ ಎಂತದೂ ಆಗುದಿಲ್ವಾ?”

“ಮಾಷ್ಟ್ರೇ, ನೀವು ಬಸುರಿಯಾ?”

ಕೆಮ್ಮಿನ ಸಿರಪ್ಪಿಗೆ ಬಂದು ಹಿಂದೆಯೇ ನಿಂತಿದ್ದ ಮಾಷ್ಟ್ರ ದೊಡ್ಡಮ್ಮ ವೆಂಕಟಲಕ್ಷ್ಮಿ ಕಿಸಕ್ಕನೆ ನಕ್ಕರು. ಮಾಷ್ಟ್ರು ಹತ್ತಿದ ಬಸ್ಸು ಪುತ್ತಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಮರುದಿನ ಮೊದಲು ಬಂದದ್ದು ಅತ್ತೆಯ ಬೈಗುಳ, ಫೋನಿನಲ್ಲಿ. ಹಿಂದೆಯೇ ದೊಡ್ಡಮ್ಮ ಕಾಳುಮೆಣಸಿನ ಕಷಾಯ ತಂದರು. ನೆರೆಮನೆಯ ವಸುಮತಿ ಹುಳಿಹುಳಿ ಪುನರ್ಪುಳಿ ಶರಬತ್ತು ತಂದಳು. ಮಾತ್ರೆ ಕೊಡದ ಮಾಷ್ಟ್ರ ವಿವೇಕವನ್ನು ಇಬ್ಬರೂ ಬಾಯ್ತುಂಬ ಹೊಗಳಿದರು! ಉಬ್ಬಿಹೋದ ಮಾಷ್ಟ್ರು ಎರಡನ್ನೂ ದಿನಕ್ಕೆ ಮೂರು ಹೊತ್ತು ತಾವೇ ನಿಂತು ಕುಡಿಸಿದರು. ಖಾರ ಹೋಗಿ ಹುಳಿಗೆ ಸೇರಿತು, ಉರಿ ನೆತ್ತಿಗೇರಿತು. ಮೂರನೆಯ ದಿನ ಬೆಳಿಗ್ಗೆ ಶ್ರೀರಂಜಿನಿ ತಲೆ ಸುತ್ತಿ ಬಾವಿಕಟ್ಟೆಯ ಬಳಿ ಕುಸಿದು ಕೂತಳು. ಮಾಷ್ಟ್ರು ಅಂಗಿಯ ಗುಂಡಿ ಹಾಕುವುದನ್ನೂ ಮರೆತು ರಿಕ್ಷಾ ಹಿಡಿದರು.

ಡಾಕ್ಟರಮ್ಮ ತೂಕ ನೋಡಿದರು. ಎರಡು ಕಿಲೋ ಇಳಿದಿತ್ತು.

“ಮಾತ್ರೆ ತಗೊಳ್ತಾ ಇಲ್ವಾ?”

“ಬೀರು ತಗೊಳ್ತಾ ಉಂಟು ಡಾಕ್ಟ್ರೇ,” ಎಂದಳು ಶ್ರೀರಂಜಿನಿ.

“ಇಂಟರ್ನೆಟ್ಟಲ್ಲಿ ಓದಿ, ಮಗುವಿಗೆ ಎಂತಾದ್ರೂ ಆದ್ರೆ ಅಂತ ಹೆದರಿಕೆ…” ಎಂದರು ಮಾಷ್ಟ್ರು. ಹೆದರಿಕೆ ಮಾತ್ರ ಸುಳ್ಳಲ್ಲ.

“ಹೆದರಿಕೆ ಇದ್ರೆ ಇಲ್ಲಿ ಬಂದು ಕೇಳ್ಬೇಕಿತ್ತು. ಎಲ್ಲ ಮದ್ದೂ ಬಸುರಿಯರಿಗೆ ಆಗುದಿಲ್ಲ, ಅದಕ್ಕೇ ನಾನು ಆಗುವಂಥದ್ದನ್ನು ನೋಡಿ ಬರೆದದ್ದು. ದೇವರ ದಯೆ, ಮಗು ಸರಿ ಉಂಟು. ಇವರು ಉಣ್ಣದಿದ್ರೆ ಅದು ಎಂತ ತಿನ್ನುದು, ನಿಮ್ಮ ಇಂಟರ್ನೆಟ್ಟಾ?”

ಲೆಕ್ಕದ ಮಾಷ್ಟ್ರು ಜನಿವಾರದಿಂದ ಕೀಲಿಕೈ ಬಿಚ್ಚಿ ಹೆಂಡತಿಯ ಕೈಗಿಟ್ಟರು.

ಮಾತ್ರೆ ಶುರುವಾದ ಮೂರನೆಯ ದಿನ ಶ್ರೀರಂಜಿನಿ ಎರಡು ಬಟ್ಟಲು ಗಂಜಿ ಉಂಡು ಮೂರನೆಯದಕ್ಕೆ ಕೈ ಚಾಚಿದಳು. ಬಡಿಸುತ್ತಿದ್ದ ಮಾಷ್ಟ್ರಿಗೆ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು, ಎದೆ ಸೆಟೆಸಿ ನಿಂತರು.

“ಇನ್ನು ಮದ್ದಿನ ವಿಷಯದಲ್ಲಿ ಡಾಕ್ಟ್ರ ಮಾತೇ ಕೊನೆ! ನಿಶ್ಚಯ ಆಗಿ ಹೋಯ್ತು!”

ಶ್ರೀರಂಜಿನಿ ಬಟ್ಟಲಿನಿಂದ ತಲೆಯೆತ್ತಿದಳು.

“ಯಾರು ನಿಶ್ಚಯ ಮಾಡಿದ್ದು?”

ಮಾಷ್ಟ್ರು ಸೌಟು ಕೆಳಗಿಟ್ಟರು.

“ನೀನು,” ಎಂದರು.