ಕಪ್ಪೆಚಿಪ್ಪಿನ ನಷ್ಟ

"ಈ ಚಿಪ್ಪಿನಿಂದ ನಿಮಗೆಷ್ಟು ನಷ್ಟ ಆಗಿದೆ?"

ಕೆರೆದಂಡೆಯ ಬೀದಿಯಲ್ಲಿ ಲೆಕ್ಕಿಗ ಕೇಳಿದ್ದು ಇಷ್ಟೇ. ಎಲ್ಲಿಂದಲೋ ಬಂದ ಪರದೇಶಿ ಕಪ್ಪೆಚಿಪ್ಪು ಕೆರೆಯನ್ನೆಲ್ಲ ಆಕ್ರಮಿಸಿ, ಮನೆಮನೆಯ ಪೈಪುಗಳಲ್ಲಿ ಸಂಸಾರ ಹೂಡಿತ್ತು. ಅದರಿಂದಾದ ನಷ್ಟ ಅಂದಾಜು ಮಾಡಿಕೊಂಡು ಬಾ ಎಂದು ಜಲ ಇಲಾಖೆ ಅವನನ್ನು ಕಳಿಸಿತ್ತು.

ಲಾಂಡ್ರಿಯ ಯಜಮಾನಿ ಅವನನ್ನು ಕಲೆ ಹೋಗದ ಅಂಗಿ ನೋಡುವಂತೆ ನೋಡಿದಳು. "ಇವತ್ತು ನಷ್ಟ ಕೇಳ್ತೀರಿ, ನಾಳೆ ಲಾಭ ಕೇಳ್ತೀರಿ, ನಾಡಿದ್ದು ತೆರಿಗೆ ಹಾಕ್ತೀರಿ. ನಮ್ಮಲ್ಲಿ ಚಿಪ್ಪೂ ಇಲ್ಲ, ನಷ್ಟಾನೂ ಇಲ್ಲ!" ಅವಳ ಹಿಂದೆ ಯಂತ್ರ ಚಿಪ್ಪು ನುಂಗಿ ಗಡಗಡ ಕೆಮ್ಮುತ್ತಿತ್ತು.

ಪಕ್ಕದ ಮೀನುಗಾರ ಬಲೆಗೆ ಸಿಕ್ಕಿದ್ದ ಚಿಪ್ಪಿನ ರಾಶಿಗೆ ಟವೆಲ್ ಮುಚ್ಚಿ ಅದರ ಮೇಲೇ ಕೂತುಬಿಟ್ಟ. "ನಮ್ಮ ಉಸಾಬರಿ ನಿಮಗ್ಯಾಕ್ರೀ?" ಎಂದವನ ಮುಖ ಚುಚ್ಚುವ ನೋವಿಗೆ ಕಿವುಚಿಕೊಂಡಿತು.

ಪ್ಲಂಬರ್ ಮಾತ್ರ ಬಾಯಿಬಿಟ್ಟ. "ನನಗೆ ಲಾಭಾನೇ ಸ್ವಾಮಿ, ಕೈತುಂಬ ಕೆಲಸ." ಲೆಕ್ಕಿಗ ಪೆನ್ನು ತೆಗೆದದ್ದೇ ತಡ, ಪ್ಲಂಬರನಿಗೂ ಅನುಮಾನ ಹುಟ್ಟಿತು. "ಅದ್ಸರಿ, ಚಿಪ್ಪಿನ ಬೆನ್ನಿಗೇ ನೀವೂ ಬಂದಿದ್ದೀರಲ್ಲ, ಅದು ಹೇಗೆ?"

ಆ ಪ್ರಶ್ನೆ ಲೆಕ್ಕಿಗನಿಗಿಂತ ಮುಂಚೆ ಬೀದಿಯ ತುದಿ ಮುಟ್ಟಿತು. ಕಿಟಕಿಗಳು ಅರ್ಧರ್ಧ ತೆರೆದವು. ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಇವರು ಹೇಳದಿದ್ದರೆ ತಾನೇ ನೋಡೋಣವೆಂದು ಅವನು ಕೆರೆಯ ಮೆಟ್ಟಿಲಿಳಿದು ಒಂದು ಹಿಡಿ ಚಿಪ್ಪು ಕಿತ್ತು ಚೀಲಕ್ಕೆ ಹಾಕಿಕೊಂಡ.

"ಸಿಕ್ಕಿಬಿದ್ದ!" ಲಾಂಡ್ರಿಯವಳು ಕೂಗಿದಳು. "ಚಿಪ್ಪು ತಂದು ಬಿಡೋನು ಇವನೇ! ಚೀಲ ನೋಡಿ!"

"ಬಿಡ್ತಾ ಇಲ್ಲಮ್ಮ, ಕೀಳ್ತಾ ಇದ್ದೀನಿ!"

"ಬಿಟ್ಟಿದ್ದಕ್ಕೇ ತಾನೇ ಕೀಳೋಕೆ ಸಿಕ್ಕಿದ್ದು?" ಎಂದು ಮೀನುಗಾರ ಕೊರಳಪಟ್ಟಿಗೇ ಕೈ ಹಾಕಿದ.

ಲೆಕ್ಕಿಗ ಮೇಲಧಿಕಾರಿಗೆ ಫೋನು ಮಾಡಿದ. ಪಕ್ಕದೂರಿನ ಕೆರೆಯಲ್ಲಿದ್ದ ಅವರು ಇಲಾಖೆಯ ದೋಣಿಯನ್ನು ಜೀಪಿಗೆ ಕಟ್ಟಿಕೊಂಡು ನೇರ ಬಂದಿಳಿದರು. "ಬಿಡ್ರೀ, ಇವರು ನಮ್ಮವರು. ಕೆರೆ ಕೆರೆ ಸುತ್ತಿ ಚಿಪ್ಪು ಎಲ್ಲೆಲ್ಲಿದೆ ಅಂತ ನೋಡೋದೇ ನಮ್ಮ ಕೆಲಸ." ಲೆಕ್ಕಿಗನಿಗೆ ಹೋದ ಜೀವ ಬಂದಂತಾಯಿತು.

ಪ್ಲಂಬರ್ ಸುಮ್ಮನಿರದೆ ದೋಣಿಯ ತಳಕ್ಕೆ ಬಗ್ಗಿ ನೋಡಿದ. ತಳದ ತುಂಬ ಒತ್ತೊತ್ತಾಗಿ ಅದೇ ಚಿಪ್ಪು! "ಹೋದ ವರ್ಷ ಇದೇ ದೋಣಿ ಇಲ್ಲಿಗೂ ಬಂದಿತ್ತಲ್ವಾ ಸ್ವಾಮಿ?"

ಬೀದಿಗೆ ಬೀದಿಯೇ ದೋಣಿಯ ಸುತ್ತ ಮುತ್ತಿಕೊಂಡಿತು. ಅಧಿಕಾರಿ ಮುಖ ಒರೆಸಿಕೊಂಡರು. "ಒಂದು ಕೆರೆ ಬಿಟ್ಟಮೇಲೆ ದೋಣೀನ ಉಜ್ಜಿ ತೊಳೀಬೇಕು. ಅದಕ್ಕೊಬ್ಬ ಆಳು ಕೊಡಿ ಅಂತ ನಾನು ಕೇಳಿದ್ದೆ. ಸುಮ್ನೆ ದಂಡದ ಖರ್ಚು ಅಂತ ಲೆಕ್ಕದಿಂದ ಹೊಡೆದುಹಾಕಿದ್ದು..." ಅವರ ಬೆರಳು ನಿಧಾನವಾಗಿ ಲೆಕ್ಕಿಗನ ಕಡೆ ತಿರುಗಿತು, "...ಈ ಪುಣ್ಯಾತ್ಮನೇ!"