ಕಾಕಾ ಕಳಿಸಿದ ಏಳು ಫೈಲು

ನಮ್ಮ ಕಾಕಾ ಈ ಭೂಮಿಯ ಮೇಲೆ ಯಾರಿಗೂ ಒಂದೇ ಒಂದು ಫೈಲ್ ಕಳಿಸಿದವರಲ್ಲ. ಕಳಿಸಿದರೆ ಏಳು! ಅದೂ ಒಂದೇ ಫೈಲಿನ ಏಳು ಅವತಾರಗಳು. ದೇವರು ಹತ್ತಕ್ಕೆ ನಿಲ್ಲಿಸಿದ. ಕಾಕಾ ಇನ್ನೂ ಕಲಿಯುತ್ತಿದ್ದಾರೆ.

ರೈಲ್ವೆ ಕಚೇರಿಯಲ್ಲಿ ಆಯುಷ್ಯ ಸವೆಸಿ ನಾಗಪುರದ ಪ್ರತಾಪ ನಗರದಲ್ಲಿ ನೆಲೆನಿಂತ ಈ ಮಹಾನುಭಾವರು ನಿವೃತ್ತಿಯಾದ ಮೇಲೆ ಕುಂಡದಲ್ಲಿ ಗುಲಾಬಿ ಬೆಳೆಸಬಹುದಿತ್ತು, ಯೋಗ ಮಾಡಬಹುದಿತ್ತು, ಏನೂ ಆಗದಿದ್ದರೆ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಪಕ್ಕದ ಮನೆಯವರ ಜೊತೆ ಜಗಳವನ್ನಾದರೂ ಆಡಬಹುದಿತ್ತು. ಊಹೂಂ. ಒಮ್ಮಿಂದೊಮ್ಮೆಲೆ ವಿಡಿಯೋ ನೋಡಿ ನೋಡಿ ಸ್ಕ್ರಿಪ್ಟ್ ಬರೆಯಲು ಕಲಿತರು.

"ನಾಟಕದ ಸ್ಕ್ರಿಪ್ಟೇನ್ರಿ ಕಾಕಾ?" ಎಂದು ಕೇಳಿದ್ದು ನನ್ನ ಕರ್ಮ. ಮುಕ್ಕಾಲು ತಾಸು ವಿವರಿಸಿದರು. ಸಾರಾಂಶ ಇಷ್ಟೇ: ಕಂಪ್ಯೂಟರಿಗೆ ಹುಕುಮಿನ ಪಟ್ಟಿಯೊಂದನ್ನು ಬರೆದಿಡುವುದು. ಗುಂಡಿ ಒತ್ತಿದರೆ ಸಾಕು, ಫೋಲ್ಡರಿನಲ್ಲಿರುವ ಸ್ಲೈಡುಗಳೆಲ್ಲ ಪಿಡಿಎಫ್ ಆಗಿ, ಚಿತ್ರಗಳಾಗಿ, ವಿಡಿಯೋ ಆಗಿ, ಬರೀ ಅಕ್ಷರಗಳಾಗಿ, ಹೀಗೆ ಏಳು ರೂಪದಲ್ಲಿ ಸಾಲುಗಟ್ಟಿ ಹೊರಬೀಳುತ್ತವೆ.

"ನೀವು ಒಂದೊಂದ ಕೈಲೆ ಸೇವ್ ಮಾಡ್ತೀರಿ. ನಂದು ಆಪೋಆಪ್ ಆಗತೈತಿ!" ಎಂದರು, ಎದೆಯುಬ್ಬಿಸಿ.

"ಅಲ್ರಿ, ಅಷ್ಟೆಲ್ಲಾ ಯಾರಿಗೆ ಬೇಕಾಗೈತ್ರಿ?"

"ಅದು ಬ್ಯಾರೆ ಪ್ರಶ್ನೆ," ಎಂದು ಮುಗಿಸಿದರು. ನಿಜ, ವಿಜ್ಞಾನಿಗಳು ಇಂಥ ಕ್ಷುಲ್ಲಕ ಪ್ರಶ್ನೆಗೆಲ್ಲ ಉತ್ತರಿಸುತ್ತಾರೆಯೇ?

ಮೊದಲ ಬಲಿ ಮೇಲಿನ ಮನೆಯ ಮರಾಠಿ ಹೆಣ್ಣುಮಗಳು. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಮೂರು ಸ್ಲೈಡಿನ ಕರೆಯೋಲೆ ಮಾಡಿ, "ಎಲ್ಲರಿಗೂ ಕಳಿಸೋ ಹಾಗೆ ಮಾಡಿಕೊಡ್ರಿ" ಎಂದು ಪಾಪ, ನಂಬಿ ಕೊಟ್ಟರು. ಕಾಕಾ ಮಾಡಿಕೊಟ್ಟರು. ಪ್ರತಿ ಬಂಧುವಿಗೂ ಏಳೇಳು ಫೈಲು ಹೋದವು. ಏಳು ಸಲ ಬಂತೆಂದು, ಇದು ಬಹಳ ಒತ್ತಾಯದ ಕರೆ ಎಂದು ತಿಳಿದ ದೂರದ ನೆಂಟರೂ ಹೊರಟುಬಂದರು. ಊಟ ಸಾಲದೇ ಹೋಯಿತು. "ಕಾಕಾ, ಒಂದೇ ಕಳಿಸಬಾರದಿತ್ತೇ?" ಎಂದು ಆಕೆ ಮರಾಠಿಯಲ್ಲಿ ಅಳುಮೋರೆ ಮಾಡಿದರೆ, ಇವರು, "ಒಬ್ಬರಾದ್ರೂ ಫೈಲ್ ತೆರೀಲಿಲ್ಲ ಅಂತ ಅಂದಾರೇನು?" ಎಂದು ನನ್ನ ಕಡೆ ತಿರುಗಿ ಮೀಸೆ ತಿರುವಿದರು.

ಇಷ್ಟು ನೋಡಿಯೂ ನಾನು ಪಾಠ ಕಲಿತೆನೆ? ಊರ ಹೊರಗಿನ ಮಿಹಾನ್ ಉದ್ಯಮ ವಲಯದಲ್ಲಿರುವ ನನ್ನ ಕಚೇರಿಯಲ್ಲಿ ಗಿರಾಕಿಯೊಬ್ಬರಿಗೆ ತೋರಿಸಲು ಹನ್ನೆರಡು ಸ್ಲೈಡು ಮಾಡಿದ್ದೆ. ಅವನ್ನು ಚಿತ್ರಗಳಾಗಿ ಬದಲಿಸಬೇಕಿತ್ತು. ಬೆಳಿಗ್ಗೆ ಕಾಕಾನ ಮನೆಗೆ ಓಡಿದೆ. ಕಚೇರಿಯ ಕ್ಯಾಬು ಹೊರಗೆ ಹಾರ್ನು ಹೊಡೆಯುತ್ತಿತ್ತು. "ಜಲ್ದಿ ಮಾಡ್ರಿ ಕಾಕಾ!" ಎಂದೆ. ಮಾಡಿದರು. ಸಭೆಯಲ್ಲಿ ಮೊದಲ ಚಿತ್ರ ಸರಿಯಾಗಿಯೇ ಬಂತು. ಅದರ ಬೆನ್ನಿಗೆ ಬಂದದ್ದು ಎರಡನೆಯದಲ್ಲ, ಹತ್ತು! ಆಮೇಲೆ ಹನ್ನೊಂದು. ಆಮೇಲೆ ಹನ್ನೆರಡು, 'ಧನ್ಯವಾದಗಳು'. ನಾನು ಬಾಯಿ ತೆರೆಯುವುದರೊಳಗೆ ಗಿರಾಕಿ ಚಪ್ಪಾಳೆ ತಟ್ಟಿ, ಇಷ್ಟು ಚುಟುಕಾಗಿ ಯಾರೂ ಮಾತಾಡಿಲ್ಲ ಎಂದು ಹೊಗಳಿ ಎದ್ದು ಹೋದರು. ಏನು ಮಾರುತ್ತಿದ್ದೇವೆ ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕಾಕಾ ಒಂಚೂರೂ ಕಂಗೆಡಲಿಲ್ಲ. "ಫೈಲಿನ ಹೆಸರಿನ್ಯಾಗ ಒಂದರ ಎಡಕ್ಕ ಸೊನ್ನಿ ಹಚ್ಚೋದು ಮರತೆ. ಸೊನ್ನಿ ಇಲ್ಲಂದ್ರ ಕಂಪ್ಯೂಟರು ಒಂದರ ಬಾಜೂಕ ಹತ್ತನ್ನ ಕುಂಡರಸ್ತೈತಿ. ಜಗತ್ತಿಗೆ ಸೊನ್ನಿ ಕೊಟ್ಟವರು ನಾವು, ನಾವೇ ಮರತರ ಹೆಂಗ?" ನನಗೆ ಬಂದ ಸಿಟ್ಟಿಗೂ ಕೊನೆಗೆ ಸೊನ್ನೆಯೇ ಗತಿ.

ಆದರೆ ನಮ್ಮ ಕನ್ನಡಿಗರ ಕೂಟದ ರಾಜ್ಯೋತ್ಸವದಲ್ಲಿ ತಾಳ್ಮೆ ತಪ್ಪಿತು. ನಾನು ಕಷ್ಟಪಟ್ಟು ಕನ್ನಡದಲ್ಲಿ ಮಾಡಿದ ಸ್ಲೈಡುಗಳು ಕಾಕಾನ ಸ್ಕ್ರಿಪ್ಟಿನ ಹೊಟ್ಟೆಗೆ ಹೋಗಿ ಬಂದಾಗ ಒತ್ತಕ್ಷರಗಳೆಲ್ಲ ತಮ್ಮ ಮನೆ ಬಿಟ್ಟು ಪಕ್ಕದವರ ಕಾಲಡಿ ಕೂತಿದ್ದವು. ಉಳಿದ ಕಡೆ ಬರೀ ಚೌಕ ಡಬ್ಬಿಗಳು. ಅತಿಥಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮ ಮಕ್ಕಳು ಮಾತ್ರ ಯಾವ ವ್ಯತ್ಯಾಸವೂ ಕಾಣದೆ ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ಕನ್ನಡ ಯಾವಾಗಲೂ ಹಾಗೆಯೇ ಕಾಣುತ್ತದೆ!

ಮರುದಿನ ಬೆಳಿಗ್ಗೆ ಬಯ್ಯಲೆಂದೇ ಪ್ರತಾಪ ನಗರಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಕಾಕಾ ಪರದೆಗೆ ಮೂಗು ಹಚ್ಚಿ ಕೂತಿದ್ದರು. ಪರದೆಯ ಮೇಲೆ ವಿದರ್ಭದ ಕಪ್ಪು ಮಣ್ಣಿನ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡದ ಸಾಲುಗಳು.

ಅವು ಕಾಕುವಿನ ಪಾಠಗಳು. ಕಾಕಾನ ಹೆಂಡತಿ, ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಕಾಕು, ಇಲ್ಲಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಪಾಠ ಇಂಗ್ಲಿಷಿನಲ್ಲಿ. ಆದರೆ ಮಕ್ಕಳಿಗೆ ಕಾಣದಂತೆ, ಪ್ರತಿ ಸ್ಲೈಡಿನ ಕೆಳಗೆ ತನಗೇ ಎಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಕನ್ನಡದಲ್ಲಿ, ಯಾವುದೋ ಹಳೆಯ ಫಾಂಟಿನಲ್ಲಿ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಕಲಸುಮೇಲೋಗರ.

"ಯಾವ ರೂಪದಾಗ ಆಕಿ ಅಕ್ಷರ ಪೂರಾ ಬರತಾವ ಅಂತ ಹುಡುಕಾಕ ಹತ್ತೇನಿ," ಎಂದರು ಕಾಕಾ, ತಿರುಗದೆ. "ನಿಮ್ಮೆಲ್ಲಾರ ಫೈಲಿನ ಮ್ಯಾಲೆ ಕೈ ಪಳಗಿಸಿಕೊಂಡೆ. ಬೈಬ್ಯಾಡ. ಆಕೀವು ಕೆಡಬಾರದಲ್ಲ."

ಪಕ್ಕದ ಕುರ್ಚಿ ಎಳೆದು ಕೂತೆ. ಈ ಸಲ ಅಕ್ಷರಗಳು ಓದುವಷ್ಟು ನೆಟ್ಟಗೆ ಬಂದಿದ್ದವು. 'ಇಲ್ಲಿ ನೀರು ಕುಡಿ, ಗಂಟಲಾ ಒಣಗತದ.' 'ಕಿಟಕಿ ಕಡೆ ಕೂತ ಹುಡುಗಿಗೆ ಕೇಳು. ಉತ್ತರ ಗೊತ್ತಿರ್ತದ, ಕೈ ಎತ್ತಂಗಿಲ್ಲ.' ಕಾಕು ಮಾತಾಡಿದ ಹಾಗೆಯೇ ಇತ್ತು. ಕಾಕಾ ಕೊನೆಯ ಸ್ಲೈಡಿಗೆ ಬಂದರು.

'ಗಂಟಿ ಆದಮ್ಯಾಲೆ ಪಾಠ ಎಳೀಬ್ಯಾಡ. ಅವರು ಗೇಟಿನ ಹೊರಗ ಬಿಸಲಾಗ ಅರ್ಧಾ ತಾಸಿಂದ ನಿಂತಿರ್ತಾರ. ಕೇಳಿದ್ರ ಈಗ ಬಂದೆ ಅಂತಾರ.'

"ಈಗ ಬಂದೆ ಅಂತ್ಲೇ ಹೇಳತಿದ್ದೆ," ಎಂದರು ಕಾಕಾ. "ಆಕಿ ನಂಬ್ಯಾಳ ಅಂತ ತಿಳಕೊಂಡಿದ್ದೆ."

ಅವರು ಮೌಸು ನನ್ನ ಕೈಗೆ ಸರಿಸಿದರು.

"ಆ 'ನಿಂತಿರ್ತಾರ'ದಾಗ ಅರ್ಕಾವೊತ್ತು ಬರೋಬರ್ ಕುಂತೈತೇನ ನೋಡು. ನನಗ ಈಗ ಸರಿ ಕಾಣವಲ್ದು."

"ಬರೋಬರ್ ಐತ್ರಿ ಕಾಕಾ," ಎಂದೆ. ನನಗೂ ಕಾಣುತ್ತಿರಲಿಲ್ಲ.