ಮಾವನ ದಾರಿಗೊಂದು ದಾರ

ಇನ್ನು ಮುಂದೆ ಮಾವನವರನ್ನು ಯಾರೂ ಹುಡುಕಬೇಕಾಗಿಲ್ಲ, ಆ ವಿಷಯವನ್ನು ಸ್ವತಃ ನಾನೇ ವಹಿಸಿಕೊಂಡಿದ್ದೇನೆ ಎಂದು ಫೆಬ್ರವರಿಯ ಒಂದು ಭಾನುವಾರ ಊಟದ ಮೇಜಿನಲ್ಲಿ ಘೋಷಿಸಿದೆ. ಸಂಧಿಪತ್ರಕ್ಕೆ ಸಹಿ ಹಾಕುವ ಚಕ್ರವರ್ತಿಯ ಗಾಂಭೀರ್ಯ ನನ್ನ ದನಿಯಲ್ಲಿತ್ತು. ಹೆಂಡತಿ ಜೋರ್ನಿತ್ಸಾ ಬೀನ್ಸ್ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ.

ಮಾವ ಸ್ಪಿರಿದೋನ್ ಪ್ಲೋವ್‌ದಿವ್‌ನಲ್ಲಿ ಜೀವಮಾನವಿಡೀ ನಗರದ ಬಸ್ಸು ಓಡಿಸಿದವರು. ಈಗ ಅವರ ನೆನಪು ತನಗೆ ಇಷ್ಟವಾದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. ಬ್ರೆಡ್ ತರಲು ಹೋದವರು ಪಕ್ಕದ ಊರಿನ ಪೊಲೀಸ್ ಠಾಣೆಯಲ್ಲಿ ಸಿಕ್ಕಿದ್ದರು.

"ಇನ್ನೊಂದ್ಸಲ ಹೀಗಾದ್ರೆ ಬಾಗಿಲಿಗೆ ಬೀಗ ಹಾಕ್ಲೇಬೇಕು. ಬೀಗದೊಳಗೆ ಬದುಕೋ ಮನುಷ್ಯ ಅಲ್ಲ ನಮ್ಮಪ್ಪ," ಎಂದು ಜೋರ್ನಿತ್ಸಾ ಕಣ್ಣೊರೆಸಿಕೊಂಡಿದ್ದಳು. ಹೀಗಾಗಿ, ಮಾವ ಎಲ್ಲಿದ್ದಾರೆಂದು ಫೋನಿಗೆ ತಿಳಿಸುವ ಸಾಧನವೊಂದನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು.

ಮೊದಲು ಕೈಗಡಿಯಾರ ತಂದೆ. "ಮನೆಯಿಂದ ದೂರ ಬಂದಿದ್ದೀರಿ" ಎಂದು ಅದು ಹೆಣ್ಣುದನಿಯಲ್ಲಿ ಎಚ್ಚರಿಸಿದ್ದೇ ತಡ, ಮಾವ ಟೋಪಿ ತೆಗೆದು ವಂದಿಸಿ, "ಹಾಗಾದ್ರೆ ಇಲ್ಲೇ ಇಳೀರಿ, ಮೇಡಂ" ಎಂದು ಅದನ್ನು ಉದ್ಯಾನದ ಬೆಂಚಿನ ಮೇಲೆ ಇಳಿಸಿ ಬಂದರು. ಕೊರಳಿಗೆ ಪದಕ ತಂದೆ.

"ಗಂಟೆ ಎಲ್ಲಿ?" ಎಂದರು.

"ಯಾವ ಗಂಟೆ, ಮಾವ?"

"ಹಸೂಗೆ ಕಟ್ಟೋದಾದ್ರೆ ಗಂಟೆ ಸಮೇತ ಕಟ್ಬೇಕು, ಅಳಿಯಂದ್ರೇ."

ಬೂಟಿನ ಅಟ್ಟೆಯೊಳಗಿಡುವ ಬಿಲ್ಲೆ ತಂದೆ. ಬೂಟು ಎಲ್ಲಿದೆಯೆಂಬುದು ಅತ್ಯಂತ ನಿಖರವಾಗಿ ತಿಳಿಯುತ್ತಿತ್ತು. ಮಾವ ಚಪ್ಪಲಿಯಲ್ಲಿ ಹೋಗಿರುತ್ತಿದ್ದರು.

ಆಗ ನನಗೆ ಜ್ಞಾನೋದಯವಾಯಿತು. ಮಾರ್ಚ್ ಒಂದರಂದು ನಮ್ಮಲ್ಲಿ ಎಲ್ಲರ ಮಣಿಕಟ್ಟಿಗೂ ಕೆಂಪು-ಬಿಳಿ ದಾರದ ಮಾರ್ತೆನಿತ್ಸಾ ಏರುತ್ತದೆ. ಮನಸ್ಸು ಬಂದಾಗ ಬಿಚ್ಚುವುದು ಅಪಶಕುನ. ಗುಂಡಿಯಷ್ಟು ಚಿಕ್ಕ ಬಿಲ್ಲೆಯೊಂದನ್ನು ಅದರ ಉಣ್ಣೆಯ ಕುಚ್ಚಿನೊಳಗೆ ಹೊಲಿದು ಮಾವನ ಕೈಗೆ ಕಟ್ಟಿದೆ. ಅವರು ಸಂತೋಷದಿಂದ ನನ್ನ ಹಣೆಗೆ ಮುತ್ತಿಟ್ಟರು.

"ಇದನ್ನ ಯಾವ ಬಲ್ಗೇರಿಯನ್ನೂ ಬಿಚ್ಚಲ್ಲ," ಎಂದೆ.

"ಎಲ್ಲೀವರೆಗೆ?" ಎಂದಳು ಜೋರ್ನಿತ್ಸಾ.

ಮಹತ್ಕಾರ್ಯಗಳಿಗೆ ಅಡ್ಡಮಾತು ಇದ್ದದ್ದೇ.

ತಿಂಗಳ ಕೊನೆಯ ಒಂದು ಮಧ್ಯಾಹ್ನ ಫೋನಿನ ಚುಕ್ಕೆ ನದಿಯ ಬದಿಯಲ್ಲಿ ನಿಂತಿತು. "ಮಾವ ವಿಶ್ರಮಿಸುತ್ತಿದ್ದಾರೆ," ಎಂದು ವರದಿ ಒಪ್ಪಿಸಿ ಕಾಫಿ ಕುಡಿದೆ. ಚುಕ್ಕೆ ಕದಲಲಿಲ್ಲ. ಎಂಥ ಶಿಸ್ತು ಎಂದು ಮೆಚ್ಚಿಕೊಂಡೆ. ಮಳೆ ಹಿಡಿಯಿತು. ಚುಕ್ಕೆ ಆಗಲೂ ಕದಲಲಿಲ್ಲ.

"ಮಳೇಲಿ ನೆನೀತಾ ಯಾರು ವಿಶ್ರಾಂತಿ ತಗೋತಾರೆ?" ಎಂದ ಜೋರ್ನಿತ್ಸಾಳ ಮುಖ ಬಿಳಿಚಿಕೊಂಡಿತ್ತು.

ಫೋನಿನಿಂದ ಕಣ್ಣು ಕೀಳದೆ ಓಡಿದೆ. ಯಾರದೋ ಬೇಲಿ ಹಾರಿದೆ, ಯಾರದೋ ಕೆಸರಿಗೆ ಒಂದು ಬೂಟು ದಾನ ಮಾಡಿದೆ. "ನೀವು ತಲುಪಿದ್ದೀರಿ" ಎಂದಿತು ಫೋನು. ಅಲ್ಲಿ ಮಾವ ಇರಲಿಲ್ಲ. ಹೂಬಿಟ್ಟ ಪ್ಲಮ್ ಮರವೊಂದಿತ್ತು. ಕೊಂಬೆಯಲ್ಲಿ ಕೆಂಪು-ಬಿಳಿ ದಾರ ತೂಗುತ್ತಿತ್ತು. ಆಚೆಗೆ ಮರಿತ್ಸಾ ನದಿ ತುಂಬಿ ಹರಿಯುತ್ತಿತ್ತು. ನೀರಿನ ಕಡೆ ನೋಡುವ ಧೈರ್ಯ ಬಾರದೆ ಮೇಲೆ ನೋಡಿದೆ. ವಿದ್ಯುತ್ ಕಂಬದ ಮೇಲೆ ನಿಂತಿದ್ದ ಕೊಕ್ಕರೆಯೊಂದು ನನ್ನನ್ನೇ ನೋಡುತ್ತಿತ್ತು.

ವರ್ಷದ ಮೊದಲ ಕೊಕ್ಕರೆ ಕಂಡ ದಿನ ದಾರ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟಬೇಕೆಂದು ನಮ್ಮಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಮಾವ ಮನೆಯ ವಿಳಾಸ ಮರೆತಿದ್ದರು, ಇದನ್ನು ಮರೆತಿರಲಿಲ್ಲ. ನನ್ನ ಸಾಧನ ಮಾತ್ರ ಆ ಮರ ಎಲ್ಲಿಗೂ ತಪ್ಪಿಸಿಕೊಳ್ಳದಂತೆ ನಿಷ್ಠೆಯಿಂದ ಕಾಯುತ್ತಿತ್ತು!

ಫೋನು ಬಡಿದುಕೊಂಡಿತು.

"ಅಪ್ಪ ಬಂದ್ರು ಕಣೋ. ಬಸ್ ಡ್ರೈವರೊಬ್ಬ ಗುರುತು ಹಿಡಿದು ಬಾಗಿಲವರೆಗೂ ಬಿಟ್ಟುಹೋದ. ನೀನೆಲ್ಲಿದ್ದೀಯ?"

ಸುತ್ತ ನೋಡಿದೆ. ಚುಕ್ಕೆಯನ್ನಷ್ಟೇ ನೋಡುತ್ತ ಬಂದವನಿಗೆ ದಾರಿ ಕಂಡಿರಲಿಲ್ಲ.

"ಒಂದು ಮರದ ಕೆಳಗೆ."

"ಯಾವ ಮರ?"

"ಬಿಲ್ಲೆ ಇರೋ ಮರ."

"ಅಲ್ಲೇ ಇರು. ಕದಲಬೇಡ. ನನ್ನ ಫೋನಲ್ಲೂ ಕಾಣ್ಸುತ್ತೆ."

ಅಪ್ಪ ಮಗಳು ಒಂದೇ ಕೊಡೆಯಡಿ ಬಂದರು. ಒಂಟಿ ಬೂಟಿನಲ್ಲಿ ತೊಯ್ದು ಮರಕ್ಕೊರಗಿದ್ದ ನನ್ನನ್ನು ಮಾವ ಕನಿಕರದಿಂದ ನೋಡಿದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ತಮ್ಮ ಕೋಟು ಬಿಚ್ಚಿ ನನಗೆ ಹೊದಿಸಿದರು.

"ಪಾಪ, ಯಾರಮ್ಮ ಇವ್ರು? ಇಂಥೋರನ್ನ ಮನೇವ್ರು ಒಂಟಿಯಾಗಿ ಬಿಡ್ತಾರಾ? ಬಾಗಿಲಿಗೊಂದು ಬೀಗ ಹಾಕ್ಬಾರ್ದಾ?"

"ಬೀಗ ಯಾಕಪ್ಪ," ಎಂದಳು ಜೋರ್ನಿತ್ಸಾ, ನನ್ನ ಕಡೆ ನೋಡದೆ. "ಜೊತೆಗೆ ಒಬ್ರಿದ್ರೆ ಸಾಕು. ನಾಳೆಯಿಂದ ನೀವೇ ಇವ್ರನ್ನ ದಿನಾ ತಿರುಗಾಡಿಸ್ಕೊಂಡು ಬನ್ನಿ."

ಮಾವ ಯೋಚಿಸಿ ಒಪ್ಪಿದರು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಆಗ್ಲಮ್ಮ. ಆದ್ರೆ ಇವ್ರ ಕೈಗೆ ಏನಾದ್ರೂ ಕಟ್ಟಿರು."